ಎಷ್ಟು ಗಂಟೆ ಅನ್ನೋದು ಆಮೇಲಿನ ಪ್ರಶ್ನೆ

(ತಮ್ಮ ಮಂಡ್ಯ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಮೇಷ್ಟ್ರು. ಅಕ್ಕ ಮೈಸೂರಿನಲ್ಲಿ ಮಕ್ಕಳ ಡಾಕ್ಟರು.)

ತಮ್ಮ: ಶನಿವಾರ ಪೋಷಕರ ಸಭೆ ಇದೆ ಅಕ್ಕ. ಮಕ್ಕಳ ಮೊಬೈಲ್ ಗೀಳಿನ ಬಗ್ಗೆ ನಾನೇ ಮಾತಾಡಬೇಕು ಅಂತ ಹೆಡ್ಮಾಸ್ಟರು ಗಂಟು ಹಾಕಿದ್ದಾರೆ. ದಿನಕ್ಕೆ ಇಷ್ಟು ಗಂಟೆ ದಾಟಿದರೆ ಮಗುವಿಗೆ ಆತಂಕದ ಕಾಯಿಲೆ ಬರುತ್ತೆ ಅಂತ ಒಂದು ಲೆಕ್ಕ ಹೇಳಿಬಿಡು. ಬೋರ್ಡ್ ಮೇಲೆ ದಪ್ಪಕ್ಷರದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೀತೀನಿ.

ಅಕ್ಕ: ಪುಟ್ಟ ಮಕ್ಕಳಿಗಾದರೆ ಲೆಕ್ಕ ಇದೆ, ಬರ್ಕೋ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು: ಎರಡು ವರ್ಷ ತುಂಬೋವರೆಗೆ ಪರದೆ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಮ್ಮಿ ಆದಷ್ಟೂ ಒಳ್ಳೇದು. ನಮ್ಮ ದೇಶದ ಮಕ್ಕಳ ತಜ್ಞರ ಸಂಘವೂ ಹೆಚ್ಚುಕಮ್ಮಿ ಇದನ್ನೇ ಹೇಳಿ, ಐದರಿಂದ ಹತ್ತು ವರ್ಷದವರಿಗೆ ಎರಡು ಗಂಟೆಯೊಳಗೆ ಇರಲಿ ಅಂದಿದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಆ ಮಾರ್ಗಸೂಚಿ ಬರೆದದ್ದೇ ಮಕ್ಕಳ ಓಡಾಟ, ಕೂತಲ್ಲೇ ಕೂರೋದು, ನಿದ್ದೆ, ಇವುಗಳ ಬಗ್ಗೆ. ಆತಂಕ ಅಳೆಯೋಕೆ ಅಂತ ಮಾಡಿದ ಗಂಟೆಗಳಲ್ಲ ಅವು. ನಿನ್ನ ಶಾಲೆಗೆ ಬರೋದು ಹದಿಮೂರು ಹದಿನಾಲ್ಕರ ಮಕ್ಕಳು. ಅವರಿಗೆ ನೀನು ಕೇಳ್ತಿರೋ ಥರದ ಒಂದೇ ಲೆಕ್ಕ ಇಲ್ಲ.

ತಮ್ಮ: ಇಲ್ಲ ಅಂದರೆ ಹೇಗೆ? ವಿವೇಕ್ ಮೂರ್ತಿ ಹೇಳಿದ್ದಾರಲ್ಲ. ಅವರ ಹಿರೀಕರ ಊರು ನಮ್ಮ ಜಿಲ್ಲೆಯ ಹಲ್ಲೆಗೆರೆ. ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, 2023ರ ಮೇ ತಿಂಗಳಲ್ಲಿ ಎಚ್ಚರಿಕೆ ಪತ್ರವನ್ನೇ ಹೊರಡಿಸಿದರು. ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಸಾಮಾಜಿಕ ಜಾಲತಾಣದಲ್ಲಿರೋ ಹರೆಯದವರಿಗೆ ಖಿನ್ನತೆ, ಆತಂಕದ ಲಕ್ಷಣ ಕಾಣಿಸಿಕೊಳ್ಳೋ ಅಪಾಯ ಎರಡರಷ್ಟು ಅಂತ. ಹಲ್ಲೆಗೆರೆ ಹೆಸರು ಹೇಳಿದರೆ ನಮ್ಮ ಪೋಷಕರು ಕಿವಿ ನೆಟ್ಟಗೆ ಮಾಡ್ಕೊಂಡು ಕೇಳ್ತಾರೆ.

ಅಕ್ಕ: ಹೇಳು, ಆದರೆ ಪೂರ್ತಿ ಹೇಳು. ಆ ಮಾತು ಎಲ್ಲ ಪರದೆಗಳಿಗೂ ಅಲ್ಲ, ಜಾಲತಾಣಕ್ಕೆ ಮಾತ್ರ. ಜಾಲತಾಣದಿಂದ ಕೆಲವು ಮಕ್ಕಳಿಗೆ ಆಸರೆ ಸಿಗುತ್ತೆ ಅನ್ನೋದನ್ನೂ ಅದೇ ಪತ್ರದಲ್ಲಿ ಬರೆದಿದ್ದಾರೆ. ಅದಕ್ಕಿಂತ ಮುಖ್ಯ, ಮೂರು ಗಂಟೆಗೂ ಆತಂಕಕ್ಕೂ ನಂಟಿದೆ ಅಂದರೆ ಯಾವುದರಿಂದ ಯಾವುದು ಬಂತು ಅಂತ ತಿಳಿದ ಹಾಗಾಗಲಿಲ್ಲ. ಆತಂಕ ಇರೋ ಹುಡುಗಿಯೇ ಮೂರು ಗಂಟೆ ಫೋನ್ ಹಿಡಿದು ಕೂತಿರಬಹುದು.

ತಮ್ಮ: ಡಾಕ್ಟರುಗಳ ಹತ್ತಿರ ಇದೇ ಕಷ್ಟ. ಕಣ್ಣಿಗೆ ಹೊಡೆದ ಹಾಗೆ ಕಾಣೋದನ್ನೂ ಅನುಮಾನ ಪಡ್ತೀರಿ.

ಅಕ್ಕ: ಕಣ್ಣಿಗೆ ಕಂಡದ್ದನ್ನ ಅಳತೆ ಮಾಡಿದಾಗ ಏನಾಯ್ತು ಕೇಳು. 2019ರಲ್ಲಿ ಆಕ್ಸ್‌ಫರ್ಡ್‌ನ ಏಮಿ ಆರ್ಬೆನ್, ಆಂಡ್ರ್ಯೂ ಪ್ರಿಬಿಲ್ಸ್ಕಿ ಅನ್ನೋ ಇಬ್ಬರು ಮೂರೂವರೆ ಲಕ್ಷಕ್ಕೂ ಹೆಚ್ಚು ಹರೆಯದವರ ಮಾಹಿತಿ ಜಾಲಾಡಿದರು. ಒಬ್ಬರಿಂದ ಒಬ್ಬರಿಗೆ ನೆಮ್ಮದಿಯಲ್ಲಿ ಕಾಣೋ ಏರುಪೇರಿಗೆ ಡಿಜಿಟಲ್ ಸಾಧನಗಳ ಪಾಲು ಹೆಚ್ಚೆಂದರೆ ಶೇ 0.4. ಅದೇ ಮಾಹಿತಿಯಲ್ಲಿ ಆಲೂಗಡ್ಡೆ ತಿನ್ನೋದಕ್ಕೂ ನೆಮ್ಮದಿಗೂ ಹತ್ತಿರ ಹತ್ತಿರ ಅಷ್ಟೇ ನಂಟು ಕಾಣ್ತು.

ತಮ್ಮ: ಆಲೂಗಡ್ಡೆ ಬೆಳೆಯೋ ಹಾಸನದವರು ಕೇಳಿಸ್ಕೊಂಡರೆ ಜಗಳಕ್ಕೆ ಬರ್ತಾರೆ. ಆದರೆ ಒಂದು ಮಾತು ಅಕ್ಕ. ನನ್ನ ತರಗತಿಯ ಸರಾಸರಿ ಅಂಕ ಅರವತ್ತು ಬಂದರೂ ನಾಲ್ಕು ಮಕ್ಕಳು ಫೇಲಾಗಿರ್ತಾರೆ. ಹೆಡ್ಮಾಸ್ಟರು ಸರಾಸರಿ ನೋಡಿ ಬೆನ್ನು ತಟ್ಟಿದರೂ ಆ ನಾಲ್ವರ ಮನೆಯಲ್ಲಿ ಯಾರೂ ಸಂತೋಷ ಪಡಲ್ಲ. ಮೂರೂವರೆ ಲಕ್ಷ ಮಕ್ಕಳ ಸರಾಸರಿಯಲ್ಲಿ ಎಷ್ಟು ಜನ ಮುಳುಗಿ ಹೋಗಿದ್ದಾರೋ!

ಅಕ್ಕ: ಒಳ್ಳೇ ಮಾತು ಹೇಳಿದೆ. ವಾದ ನಿಂತಿರೋದೇ ಅಲ್ಲಿ. 2024ರಲ್ಲಿ ಜೊನಾಥನ್ ಹೈಟ್ ಅನ್ನೋರು ಪುಸ್ತಕ ಬರೆದು, ಸ್ಮಾರ್ಟ್‌ಫೋನ್ ಬಂದ ಮೇಲೆ ಬಾಲ್ಯದ ರೀತಿಯೇ ಬದಲಾಗಿ ಒಂದು ಇಡೀ ತಲೆಮಾರು ಆತಂಕಕ್ಕೆ ಬಿತ್ತು ಅಂದರು. ಮಕ್ಕಳ ಮನಶ್ಶಾಸ್ತ್ರ ಬಲ್ಲ ಕ್ಯಾಂಡಿಸ್ ಓಡ್ಜರ್ಸ್ 'ನೇಚರ್' ಪತ್ರಿಕೆಯಲ್ಲೇ ಉತ್ತರ ಕೊಟ್ಟು, ಫೋನೇ ಕಾರಣ ಅನ್ನೋಕೆ ಪುರಾವೆ ಸಾಲದು ಅಂದರು. ಇವರಿಬ್ಬರಲ್ಲಿ ಗೆದ್ದೋರು ಯಾರು ಅನ್ನೋದು ನನ್ನ ಕ್ಲಿನಿಕ್‌ಗೆ ಬರೋ ಮಗುವಿಗೆ ಬೇಕಿಲ್ಲ. ನನಗೆ ಕೆಲಸಕ್ಕೆ ಬಂದದ್ದು 2025ರಲ್ಲಿ 'ಸೈಕಲಾಜಿಕಲ್ ಬುಲೆಟಿನ್'ನಲ್ಲಿ ಬಂದ ಒಂದು ದೊಡ್ಡ ಪರಿಶೀಲನೆ. ಮಕ್ಕಳನ್ನ ದೀರ್ಘಕಾಲ ಹಿಂಬಾಲಿಸಿದ 117 ಅಧ್ಯಯನಗಳು, ಸುಮಾರು 2.9 ಲಕ್ಷ ಮಕ್ಕಳು. ಪರದೆ ಹೆಚ್ಚಾದ ಮಕ್ಕಳಲ್ಲಿ ಆಮೇಲೆ ಆತಂಕ, ಸಿಡುಕು ಹೆಚ್ಚಾಗಿತ್ತು. ಮೊದಲೇ ಆತಂಕ, ಸಿಡುಕು ಇದ್ದ ಮಕ್ಕಳು ಆಮೇಲೆ ಪರದೆಗೆ ಹೆಚ್ಚು ಅಂಟಿಕೊಂಡಿದ್ದರು. ಎರಡೂ ನಿಜ, ಒಂದನ್ನೊಂದು ಬೆಳೆಸ್ತಾ ಹೋಗುತ್ತೆ.

ತಮ್ಮ: ಇದನ್ನ ಸಭೆಯಲ್ಲಿ ಹೇಳಿದರೆ, 'ಮೇಷ್ಟ್ರೇ, ಕೊನೆಗೆ ಏನು ಹೇಳಿದ್ರಿ' ಅಂತ ಕೇಳ್ತಾರೆ.

ಅಕ್ಕ: ಹಾಗಾದರೆ ಒಬ್ಬ ಹುಡುಗನ ವಿಷಯ ಹೇಳು. ಗುರುತು ಸಿಗದ ಹಾಗೆ ಹೇಳ್ತೀನಿ, ನೀನೂ ಹಾಗೇ ಹೇಳು. ಎಂಟನೇ ಕ್ಲಾಸು. ಸೋಮವಾರ ಬೆಳಗ್ಗೆ ಎದ್ದರೆ ಹೊಟ್ಟೆನೋವು, ಬಸ್ಸಿನ ಹೊತ್ತಿಗೆ ವಾಂತಿ. ಭಾನುವಾರ ಏನೂ ಇಲ್ಲ, ದಸರಾ ರಜೆಯಲ್ಲಿ ಒಂದು ದಿನವೂ ಇಲ್ಲ. ಸ್ಕ್ಯಾನಿಂಗ್ ಮಾಡಿಸಿದ್ದರು, ಹುಳದ ಮಾತ್ರೆ ಕೊಟ್ಟಿದ್ದರು, ದೃಷ್ಟಿ ತೆಗೆದಿದ್ದೂ ಆಗಿತ್ತು. ಮನೆಯಲ್ಲಿದ್ದಷ್ಟು ಹೊತ್ತೂ ಫೋನಿನಲ್ಲಿ ಆಟ. ಅಪ್ಪ ಬಂದು ಕೂತೋರೇ, 'ಮೇಡಂ, ಎಲ್ಲಾ ಈ ಮೊಬೈಲಿಂದ' ಅಂದರು. ಹಿಂದಿನ ವಾರ ಫೋನ್ ಕಿತ್ತುಕೊಂಡಿದ್ದರಂತೆ. ಹುಡುಗ ತಟ್ಟೆ ಎಸೆದು, ಊಟ ಬಿಟ್ಟು, ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿಬಿಟ್ಟನಂತೆ. 'ನೋಡಿ, ಕುಡುಕರಿಗೆ ಹೆಂಡ ಬಿಡಿಸಿದ ಹಾಗೆ ಆಡ್ತಾನೆ' ಅಂದರು.

ತಮ್ಮ: ಅನ್ನದೆ ಇನ್ನೇನು? ನಾನಾಗಿದ್ದರೂ ಅದನ್ನೇ ಅಂತಿದ್ದೆ.

ಅಕ್ಕ: ಅಪ್ಪನನ್ನ ಹೊರಗೆ ಕೂರಿಸಿ ಹುಡುಗನ ಹತ್ತಿರ ಮಾತಾಡಿದೆ. ಮೊದಲ ಸಲ ಬಾಯಿ ಬಿಡಲಿಲ್ಲ. ಎರಡನೇ ಸಲ ಆಟದ ಬಗ್ಗೆ ಕೇಳಿದೆ, ಹೇಳೋಕೆ ಶುರು ಮಾಡಿದ. ಅದರಲ್ಲಿ ಅವನೇ ತಂಡದ ನಾಯಕನಂತೆ. ಯಾರು ಎಲ್ಲಿ ನಿಲ್ಲಬೇಕು, ಯಾವಾಗ ಮುನ್ನುಗ್ಗಬೇಕು ಅನ್ನೋದನ್ನ ಅವನೇ ಹೇಳೋದು. 'ಸ್ಕೂಲಲ್ಲಿ?' ಅಂದೆ. ತಲೆ ತಗ್ಗಿಸಿದ. ಏಳನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ, ಎಂಟಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದ್ದರು. ಸಮಾಜ ವಿಜ್ಞಾನದ ಪಾಠ ಒಬ್ಬೊಬ್ಬರೇ ಎದ್ದು ನಿಂತು ಓದಬೇಕು. ಪಾರ್ಲಿಮೆಂಟ್ ಅನ್ನೋ ಕಡೆ ತಡವರಿಸಿದ. ತರಗತಿ ಗೊಳ್ಳಂತ ನಕ್ಕಿತು. ಅವತ್ತಿಂದ ಅವನಿಗೆ ಪಾರ್ಲೆ ಬಿಸ್ಕತ್ತು ಅಂತ ಹೆಸರು. ಆ ಪಿರಿಯಡ್ ಇದ್ದದ್ದು ಸೋಮವಾರ ಬೆಳಗ್ಗೆ.

ತಮ್ಮ: ಅಯ್ಯೋ. ನಾನೂ ಸಮಾಜ ವಿಜ್ಞಾನದವನೇ. ನಮ್ಮಲ್ಲೂ ಹಾಗೇ ಓದಿಸೋದು.

ಅಕ್ಕ: ಓದಿಸೋದು ತಪ್ಪಲ್ಲ ಕಣೋ. ಆಮೇಲೆ ನಡೆದದ್ದು ನೋಡು. ಹೊಟ್ಟೆನೋವು ಅಂದ ದಿನ ಮನೆಯಲ್ಲಿ ಉಳಿದ. ಫೋನ್ ಕೈಗೆ ಬಂತು, ಎದೆಬಡಿತ ಇಳೀತು. ಮಂಗಳವಾರ ಹೋಗೋದು ಇನ್ನೂ ಕಷ್ಟ ಆಯ್ತು. ಫೋನ್ ಅವನಿಗೆ ಭಯ ಕೊಟ್ಟಿರಲಿಲ್ಲ, ಭಯದಿಂದ ಅವಿತುಕೊಳ್ಳೋಕೆ ಜಾಗ ಕೊಟ್ಟಿತ್ತು. ಅಪ್ಪ ಆ ಜಾಗವನ್ನ ಮುಚ್ಚಿದರು, ಒಳಗಿದ್ದ ಭಯವನ್ನ ಯಾರೂ ಕೇಳಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕಥೆ.

ತಮ್ಮ: ಹಾಗಂತ ಫೋನ್ ವಾಪಸ್ ಕೊಡಿಸಿದೆಯಾ?

ಅಕ್ಕ: ಸಂಜೆ ಒಂದು ಗಂಟೆ, ಅಪ್ಪ ಮನೆಯಲ್ಲಿದ್ದಾಗ, ಹಜಾರದಲ್ಲಿ ಕೂತು. ಅದು ಒಂದು ಕಡೆ. ಇನ್ನೊಂದು ಕಡೆ ಆಪ್ತ ಸಮಾಲೋಚಕಿ ಒಬ್ಬರು ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸಿದರು. ಮೊದಲು ಮನೆಯಲ್ಲಿ ತಂಗಿ ಮುಂದೆ ಒಂದು ಪ್ಯಾರಾ ಓದೋದು. ಆಮೇಲೆ ಒಬ್ಬ ಗೆಳೆಯನ ಮುಂದೆ. ಆಮೇಲೆ ಸ್ಟಾಫ್ ರೂಮಿನಲ್ಲಿ ಟೀಚರ್ ಒಬ್ಬರೇ ಇದ್ದಾಗ. ಕೊನೆಗೆ ತರಗತಿಯಲ್ಲಿ ಎರಡು ಸಾಲು, ಯಾವ ಸಾಲು ಅಂತ ಹಿಂದಿನ ದಿನವೇ ತಿಳಿಸಿ. ಆ ಟೀಚರ್ ಒಪ್ಪಿದ್ದು ದೊಡ್ಡ ವಿಷಯ. ಅಡ್ಡಹೆಸರು ಕೂಗೋರನ್ನೂ ಅವರೇ ಕರೆದು ಮಾತಾಡಿದರು. ವಾಂತಿ ನಿಂತಿತು. ಫೋನ್ ಮೇಲಿನ ಹಟ ಆಮೇಲೆ ತಾನಾಗೇ ಸಡಿಲ ಆಯ್ತು.

ತಮ್ಮ: ಅಂದರೆ ಭಯ ಇರೋ ಕಡೆಗೇ ಮಗುವನ್ನ ಕಳಿಸಬೇಕು ಅಂತೀಯ. ಕೇಳೋಕೆ ಕಟುಕತನ ಅನ್ನಿಸುತ್ತೆ.

ಅಕ್ಕ: ಒಂದೇ ಸಲ ದೂಡಿದರೆ ಕಟುಕತನವೇ. ಮೆಟ್ಟಿಲು ಕಟ್ಟಿ ಕೈ ಹಿಡಿದು ಹತ್ತಿಸಿದರೆ ಚಿಕಿತ್ಸೆ. ಭಯ ಆದಾಗ ಆ ಜಾಗದಿಂದ ತಪ್ಪಿಸ್ಕೊಂಡರೆ ತಕ್ಷಣ ಹಾಯೆನಿಸುತ್ತೆ. ಆ ಹಾಯನ್ನೇ ಮಿದುಳು ಪಾಠ ಅಂತ ಕಲಿಯುತ್ತೆ: ಅದು ಅಪಾಯವೇ ಆಗಿತ್ತು, ಓಡಿಬಂದದ್ದೇ ಒಳ್ಳೇದಾಯ್ತು ಅಂತ. ಮುಂದಿನ ಸಲ ಭಯ ಇನ್ನೂ ಬೇಗ ಬರುತ್ತೆ. ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದರೆ ಎದೆಬಡಿತ ಏರಿ, ಆಮೇಲೆ ತಾನಾಗೇ ಇಳಿಯುತ್ತೆ. ಇಳಿಯುತ್ತೆ ಅನ್ನೋದು ಮಗುವಿಗೆ ಮೈಯಲ್ಲಿ ಗೊತ್ತಾಗಬೇಕು, ಬಾಯಲ್ಲಿ ಹೇಳಿದರೆ ಸಾಲದು. ಹಿಂದೆ ತಪ್ಪಿಸ್ಕೊಳ್ಳೋಕೂ ಜಾಗ ಹುಡುಕಬೇಕಿತ್ತು. ಈಗ ಜೇಬಿನಲ್ಲೇ ಇದೆ. ನನ್ನ ಪ್ರಕಾರ ಪರದೆಗೂ ಆತಂಕಕ್ಕೂ ಇರೋ ದೊಡ್ಡ ನಂಟು ಇದು. ಸಣ್ಣ ಸಣ್ಣ ಭಯಗಳನ್ನ ತಡ್ಕೊಂಡು ದಾಟೋ ಅಭ್ಯಾಸವೇ ಮಕ್ಕಳಿಗೆ ತಪ್ಪಿಹೋಗ್ತಿದೆ.

ತಮ್ಮ: ಇದು ನನಗೂ ಕಂಡಿದೆ. ಬೀಗರೂಟಕ್ಕೆ ಹೋದರೆ ಗುರುತಿಲ್ಲದವರ ಪಕ್ಕ ಎಲೆ ಮುಂದೆ ಕೂರೋಕೆ ಆಗಲ್ಲ, ಫೋನ್ ತೆಗೀತಾರೆ. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಹಿಂದೆ ಬಾಕಿ ಚಿಲ್ಲರೆ ಬರೆದುಕೊಟ್ಟರೆ, ಇಳಿಯೋ ಮುಂಚೆ ಕೇಳಿ ಇಸ್ಕೊಳ್ಳೋಕೆ ಹತ್ತನೇ ಕ್ಲಾಸಿನ ಹುಡುಗ ಹೆದರ್ತಾನೆ. ಹತ್ತು ರೂಪಾಯಿ ಹೋದರೂ ಪರವಾಗಿಲ್ಲ, ಮಾತಾಡೋದು ಬೇಡ ಅಂತಾನೆ.

ಅಕ್ಕ: ಆ ಹತ್ತು ರೂಪಾಯಿ ಕೇಳೋದೇ ಅವನಿಗೆ ಔಷಧಿ. ಈ ಬಸ್ಸಿನ ಮಾತನ್ನ ಸಭೆಯಲ್ಲಿ ಹೇಳು, ಮೂರೂವರೆ ಲಕ್ಷದ ಲೆಕ್ಕಕ್ಕಿಂತ ಚೆನ್ನಾಗಿ ತಲುಪುತ್ತೆ.

ತಮ್ಮ: ಆದರೂ ನೀನು ಫೋನಿನ ತಪ್ಪನ್ನ ತೀರಾ ಹಗುರ ಮಾಡ್ತಿದ್ದೀಯ. ನೀನು ಒಂದೊಂದೇ ಮಗು ನೋಡ್ತೀಯ, ನಾನು ಇಡೀ ತರಗತಿ ನೋಡ್ತೀನಿ. ಅವಿತುಕೊಳ್ಳೋ ಮಕ್ಕಳು ಮಾತ್ರ ಅಲ್ಲ, ಯಾವ ಭಯವೂ ಇಲ್ಲದ ಗಟ್ಟಿಮುಟ್ಟಾದ ಮಕ್ಕಳೂ ರೀಲ್ಸ್‌ಗೆ ಸಿಕ್ಕಿಹಾಕ್ಕೊಂಡಿದ್ದಾರೆ. ಪುಸ್ತಕಕ್ಕೆ ಕೊನೇ ಪುಟ ಇದೆ, ಧಾರಾವಾಹಿಗೆ ಒಂಬತ್ತೂವರೆ ಅಂತ ಇದೆ. ಇದಕ್ಕೆ ಮುಗಿಯೋ ಜಾಗವೇ ಇಲ್ಲವಲ್ಲ.

ಅಕ್ಕ: ಮುಗಿಯದ ಹಾಗೆ ಬೇಕಂತಲೇ ಮಾಡಿರೋದು. ಪುಟದ ಕೊನೆ ಬರದ ಹಾಗೆ ಸರಿಸ್ತಾನೇ ಇರೋ ಆ ತಂತ್ರವನ್ನ 2006ರಲ್ಲಿ ಅಜಾ ರಾಸ್ಕಿನ್ ಅನ್ನೋ ವಿನ್ಯಾಸಕಾರ ಮಾಡಿದ. ಆಮೇಲೆ ಅವನೇ ಅದರ ವಿರುದ್ಧ ಮಾತಾಡಿಕೊಂಡು ತಿರುಗೋ ಹಾಗಾಯ್ತು. 2021ರಲ್ಲಿ ಫ್ರಾನ್ಸಿಸ್ ಹೌಗನ್ ಅನ್ನೋ ಉದ್ಯೋಗಿ ಫೇಸ್‌ಬುಕ್ ಕಂಪನಿಯ ಒಳಗಿನ ಕಾಗದಪತ್ರ ಹೊರಗೆ ತಂದಳಲ್ಲ, ಅದರಲ್ಲೇ ಇತ್ತು. ತಮ್ಮ ಮೈಕಟ್ಟಿನ ಬಗ್ಗೆ ಕೊರಗೋ ಹರೆಯದ ಹುಡುಗಿಯರಲ್ಲಿ ಮೂವರಲ್ಲಿ ಒಬ್ಬಳಿಗೆ ಇನ್‌ಸ್ಟಾಗ್ರಾಂ ಆ ಕೊರಗನ್ನ ಹೆಚ್ಚು ಮಾಡುತ್ತೆ ಅಂತ. ಕಂಪನಿಯವರಿಗೇ ಗೊತ್ತಿತ್ತು. ನಿನ್ನ ಸರಾಸರಿಯ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಎಲ್ಲ ಮಕ್ಕಳಿಗೂ ಒಂದೇ ಪೆಟ್ಟಲ್ಲ. ಮೊದಲೇ ತನ್ನ ಬಣ್ಣ, ತನ್ನ ಮೊಡವೆ, ತನ್ನ ತೂಕದ ಬಗ್ಗೆ ಅಳುಕಿರೋಳಿಗೆ ಹೆಚ್ಚು.

ತಮ್ಮ: ಹಳ್ಳಿಯಲ್ಲಿ ಇಷ್ಟೆಲ್ಲ ಇಲ್ಲ ಅಂತ ನೀವು ಪಟ್ಟಣದೋರು ಅಂದುಕೊಂಡಿರ್ತೀರಿ.

ಅಕ್ಕ: ಇಲ್ಲಪ್ಪ, ಹಳ್ಳಿ ಮಕ್ಕಳ ಕಲಿಕೆ ಬಗ್ಗೆ ಬರೋ ಅಸರ್ ವರದಿ ಓದಿದ್ದೀನಿ. 2024ರ ಸಮೀಕ್ಷೆಯಲ್ಲಿ ಗ್ರಾಮೀಣ ಭಾರತದ 14ರಿಂದ 16 ವರ್ಷದವರಲ್ಲಿ ಶೇ 82ರಷ್ಟು ಮಕ್ಕಳಿಗೆ ಸ್ಮಾರ್ಟ್‌ಫೋನ್ ಬಳಸೋಕೆ ಬರುತ್ತೆ. ಅವರಲ್ಲಿ ಹಿಂದಿನ ವಾರ ಓದಿಗೆ ಬಳಸಿದೋರು ಶೇ 57, ಜಾಲತಾಣಕ್ಕೆ ಬಳಸಿದೋರು ಶೇ 76.

ತಮ್ಮ: ಫೋನ್ ಕೈಗೆ ಬಂದದ್ದು ಓದಿನ ಹೆಸರಲ್ಲೇ ತಾನೆ? 2020ರ ಜೂನ್‌ನಲ್ಲಿ ನಮ್ಮ ಸರ್ಕಾರ ಐದನೇ ತರಗತಿವರೆಗೆ ಆನ್‌ಲೈನ್ ಪಾಠ ಬೇಡ ಅಂತ ತಡೆದಿತ್ತು. ಜುಲೈನಲ್ಲಿ ಹೈಕೋರ್ಟ್ ಆ ಆದೇಶಕ್ಕೇ ತಡೆ ಕೊಟ್ಟಿತು. ಆಮೇಲೆ ಕುರಿ ಮಾರಿ, ಓಲೆ ಅಡ ಇಟ್ಟು ಫೋನ್ ಕೊಡಿಸಿದ ಪೋಷಕರನ್ನ ನಾನು ಬಲ್ಲೆ. ಪಾಠ ಆನ್‌ಲೈನಿಂದ ಶಾಲೆಗೆ ವಾಪಸ್ ಬಂತು, ಫೋನ್ ಮಾತ್ರ ಮಕ್ಕಳ ಕೈಯಲ್ಲೇ ಉಳೀತು. ಈಗ ಅದೇ ಪೋಷಕರಿಗೆ 'ಯಾಕ್ರೀ ಕೊಟ್ರಿ' ಅಂತ ಕೇಳೋಕೆ ನನಗೆ ನಾಲಿಗೆ ಏಳಲ್ಲ.

ಅಕ್ಕ: ಕೇಳಬೇಡ. ಬೈಯೋದರಿಂದ ಪ್ರಯೋಜನವೂ ಇಲ್ಲ. ವಿವೇಕ್ ಮೂರ್ತಿಯೇ 2024ರ ಆಗಸ್ಟ್‌ನಲ್ಲಿ ಇನ್ನೊಂದು ಪತ್ರ ಹೊರಡಿಸಿದರು, ಅದು ಅಪ್ಪ ಅಮ್ಮಂದಿರ ಒತ್ತಡದ ಬಗ್ಗೆ. ಅದಕ್ಕೇ ಪೋಷಕರ ಕೈಯಲ್ಲಿ ಆಗೋ ಒಂದು ಕೆಲಸ ಹೇಳು, ಮೊದಲು ನಿದ್ದೆ. ಹರೆಯದವರಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಆರರಿಂದ ಹನ್ನೆರಡು ವರ್ಷದವರಿಗೆ ಒಂಬತ್ತರಿಂದ ಹನ್ನೆರಡು. ನಿದ್ದೆಗೆಟ್ಟ ಮಗು ಬೆಳಗ್ಗೆ ಎದ್ದಾಗಲೇ ಸಿಡುಕು, ಸಣ್ಣದಕ್ಕೂ ಬೆಚ್ಚುತ್ತೆ. ಪರದೆಯ ಬೆಳಕು ನಿದ್ದೆ ಬರಿಸೋ ಮೆಲಟೋನಿನ್ ಸ್ರಾವವನ್ನ ತಡ ಮಾಡುತ್ತೆ. ಅದಕ್ಕಿಂತ ಹೆಚ್ಚಾಗಿ ಆಟದ ಕಾವು, ಬರಬೇಕಾದ ಮೆಸೇಜಿನ ಕಾತರ ನಿದ್ದೆ ಕದೀತಾವೆ.

ತಮ್ಮ: ನಮ್ಮ ಕಡೆ ಇನ್ನೊಂದು ತೊಡಕಿದೆ. ಮನೆಗೆ ಒಂದೇ ಒಳ್ಳೇ ಫೋನು, ಅದು ಅಪ್ಪನ ಜೇಬಿನಲ್ಲಿ. ಆಲೆಮನೆಯಿಂದಲೋ ಆಟೋ ಸ್ಟ್ಯಾಂಡಿನಿಂದಲೋ ಅವನು ಬರೋದು ರಾತ್ರಿ ಒಂಬತ್ತಕ್ಕೆ. ಊಟ ಮಾಡಿ ಅವನು ಮಲಗಿದ ಮೇಲೇ ಮಗನಿಗೆ ಫೋನ್ ಸಿಗೋದು. ಒಟ್ಟು ಗಂಟೆ ಲೆಕ್ಕ ಹಾಕಿದರೆ ಮೈಸೂರಿನ ಮಕ್ಕಳಿಗಿಂತ ಕಮ್ಮಿಯೇ ಇರುತ್ತೆ. ಆದರೆ ಆ ಎರಡು ಗಂಟೆ ಹತ್ತರಿಂದ ಹನ್ನೆರಡು.

ಅಕ್ಕ: ನೋಡು, ನಿನಗೆ ಲೆಕ್ಕ ಯಾಕೆ ಕೊಡಲಿಲ್ಲ ಅಂತ ನೀನೇ ಹೇಳಿದೆ. ಸಂಜೆ ಆರರ ಎರಡು ಗಂಟೆ ಬೇರೆ, ನಡುರಾತ್ರಿಯ ಎರಡು ಗಂಟೆ ಬೇರೆ. ಅಕ್ಕನ ಜೊತೆ ಕೂತು ಸಿನಿಮಾ ನೋಡಿದ ಎರಡು ಗಂಟೆ ಬೇರೆ, ಹೊದಿಕೆಯೊಳಗೆ ಒಬ್ಬನೇ ನೋಡಿದ್ದು ಬೇರೆ. ಆ ಅಪ್ಪನಿಗೆ, ಮಲಗೋವಾಗ ಫೋನನ್ನ ತಲೆದಿಂಬಿನ ಹತ್ತಿರ ಇಡದೆ ಅಡುಗೆಮನೆಯ ಗೂಡಿನಲ್ಲಿ ಚಾರ್ಜಿಗೆ ಹಾಕು ಅಂತ ಹೇಳು. ಮನೆಯವರೆಲ್ಲರ ಫೋನೂ ಅಲ್ಲೇ. ಇದಕ್ಕೆ ಕಾಸು ಖರ್ಚಿಲ್ಲ.

ತಮ್ಮ: ಎಲ್ಲರ ಫೋನೂ ಅಂದಲ್ಲ, ಅಲ್ಲೇ ಗಲಾಟೆ ಶುರುವಾಗೋದು.

ಅಕ್ಕ: ಆಗಲಿ. ಎಡ್ವರ್ಡ್ ಟ್ರಾನಿಕ್ ಅನ್ನೋ ವಿಜ್ಞಾನಿ 1970ರ ದಶಕದಲ್ಲೇ ಒಂದು ಪ್ರಯೋಗ ಮಾಡಿದ್ದ. ತಾಯಿ ಕೂಸಿನ ಜೊತೆ ನಗ್ತಾ ಆಡ್ತಾ ಇರ್ತಾಳೆ. ಇದ್ದಕ್ಕಿದ್ದ ಹಾಗೆ ಮುಖದಲ್ಲಿ ಯಾವ ಭಾವವೂ ಇಲ್ಲದೆ ಸುಮ್ಮನೆ ಕೂರ್ತಾಳೆ. ಕೂಸು ಮೊದಲು ನಗುತ್ತೆ, ಕೈ ಚಾಚುತ್ತೆ, ಕೂಗುತ್ತೆ. ಏನು ಮಾಡಿದರೂ ಅಮ್ಮ ತಿರುಗದಿದ್ದಾಗ ಮುಖ ಪಕ್ಕಕ್ಕೆ ತಿರುಗಿಸಿ ಅಳುತ್ತೆ. ಕೆಲವೇ ನಿಮಿಷಗಳ ವಿಷಯ. ಆಗ ಫೋನ್ ಇರಲಿಲ್ಲ. ಈಗ ನನ್ನ ಕ್ಲಿನಿಕ್ಕಿನ ಹೊರಗಿನ ಬೆಂಚಿನಲ್ಲಿ ದಿನಾ ನೋಡ್ತೀನಿ ಆ ಮುಖವನ್ನ. ಮಡಿಲಲ್ಲಿ ಮಗು, ಅದರ ತಲೆಯ ಮೇಲೆ ಫೋನು.

ತಮ್ಮ: ಊಟ ಮಾಡಿಸೋಕೂ ಅದೇ ತಾನೆ. ರೀಲ್ಸ್ ಹಾಕಿದರೆ ಬಾಯಿ ತೆರೀತಾವೆ, ನಿಲ್ಲಿಸಿದರೆ ಮುಚ್ಚಿಕೊಳ್ತಾವೆ. ತಿಂದದ್ದು ಮುದ್ದೆಯೋ ಅನ್ನವೋ ಗೊತ್ತಿರಲ್ಲ.

ಅಕ್ಕ: ಹೊಟ್ಟೆ ತುಂಬಿತು ಅನ್ನೋದೂ ಗೊತ್ತಾಗಲ್ಲ. ಅದಿರಲಿ, ಅತ್ತಾಗ ಸಮಾಧಾನಕ್ಕೆ ಫೋನ್ ಕೊಡೋದಿದೆಯಲ್ಲ, ಅದು ಇನ್ನೂ ಸೂಕ್ಷ್ಮ. ಜೆನ್ನಿ ರಡೆಸ್ಕಿ ಅನ್ನೋ ಮಕ್ಕಳ ವೈದ್ಯೆ ಮತ್ತು ಜೊತೆಯವರು ಮೂರರಿಂದ ಐದು ವರ್ಷದ ಮಕ್ಕಳನ್ನ ಕೆಲವು ತಿಂಗಳು ಗಮನಿಸಿದರು. ಸಮಾಧಾನಕ್ಕೆ ಮೇಲಿಂದ ಮೇಲೆ ಫೋನ್ ಕೊಟ್ಟ ಮಕ್ಕಳಲ್ಲಿ, ಅದರಲ್ಲೂ ಗಂಡುಮಕ್ಕಳಲ್ಲಿ, ರೊಚ್ಚಿಗೇಳೋದು ಹೆಚ್ಚಾಗಿತ್ತು. ಎಂಟನೇ ಕ್ಲಾಸಿನ ಹುಡುಗನ ಕಥೆಯೇ ಇದು, ಶುರುವಾಗೋದು ಎರಡನೇ ವರ್ಷಕ್ಕೆ. ಅಳು ಬಂದಾಗ ಎತ್ತಿಕೊಂಡು, ಬೆನ್ನು ಸವರಿ, ಅತ್ತು ಮುಗಿಸೋಕೆ ಬಿಟ್ಟರೆ ಮಗು ತನ್ನ ಸಂಕಟ ಇಳಿಯುತ್ತೆ ಅನ್ನೋದನ್ನ ಕಲಿಯುತ್ತೆ. ಪ್ರತಿ ಸಲ ಪರದೆಯೇ ಇಳಿಸಿದರೆ ಕಲಿಯೋದು ಯಾವಾಗ?

ತಮ್ಮ: ಇಷ್ಟೆಲ್ಲ ಒಬ್ಬೊಬ್ಬರ ಮನೆಯಲ್ಲಿ ಆಗೋ ಕೆಲಸ ಅಲ್ಲ ಅಕ್ಕ. ನಮ್ಮ ಬೀದಿಯಲ್ಲಿ ಒಬ್ಬ ಹುಡುಗನಿಗೆ ಫೋನ್ ಕೊಡದಿದ್ದರೆ ಅವನೇ ಒಂಟಿ. ಉಳಿದವರು ಆಟ ಆಡೋದೇ ಅದರಲ್ಲಿ, ಜಗಳ ಆಡೋದೇ ಅದರಲ್ಲಿ. ಅದಕ್ಕೇ ನಾನು ಆಸ್ಟ್ರೇಲಿಯಾದ ಕಾನೂನು ಸರಿ ಅನ್ನೋದು. 16 ವರ್ಷದೊಳಗಿನವರಿಗೆ ಜಾಲತಾಣದ ಖಾತೆಯೇ ಬೇಡ. 2025ರ ಡಿಸೆಂಬರ್ 10ರಿಂದ ಜಾರಿಗೆ ಬಂತು.

ಅಕ್ಕ: ಅದರಲ್ಲಿ ನನಗೆ ಹಿಡಿಸಿದ್ದು ಒಂದು. ದಂಡ ಕಂಪನಿಗೆ, ಮಗುವಿಗಲ್ಲ, ಪೋಷಕರಿಗಲ್ಲ. ಐದು ಕೋಟಿ ಆಸ್ಟ್ರೇಲಿಯನ್ ಡಾಲರ್ ಹತ್ತಿರದವರೆಗೆ. ನಮ್ಮ 2023ರ ದತ್ತಾಂಶ ರಕ್ಷಣಾ ಕಾಯ್ದೆಯೂ 18 ತುಂಬದವರ ಬೆನ್ನು ಹತ್ತಿ ಜಾಹೀರಾತು ತೋರಿಸಬಾರದು, ಪೋಷಕರ ಒಪ್ಪಿಗೆ ಬೇಕು ಅನ್ನುತ್ತೆ. ಆದರೆ ಆಸ್ಟ್ರೇಲಿಯಾದ ಪಟ್ಟಿಯಲ್ಲಿ ವಾಟ್ಸಾಪ್ ಇಲ್ಲ, ಎಷ್ಟೋ ಆಟಗಳೂ ಇಲ್ಲ. ಭಯ ಇರೋ ಮಗು ಅವಿತುಕೊಳ್ಳೋಕೆ ಇನ್ನೊಂದು ಕಡೆ ಹುಡುಕುತ್ತೆ.

ತಮ್ಮ: ಕಾನೂನು ಬೇಡ ಅಂದರೆ ಊರಿನ ಒಪ್ಪಂದ ಆಗಲಿ. ಸಾಂಗ್ಲಿ ಜಿಲ್ಲೆ, ನಮ್ಮ ಗಡಿಯ ಪಕ್ಕದ್ದು. ಅಲ್ಲಿ ಮೋಹಿತ್ಯಾಂಚೆ ವಡಗಾಂವ್ ಅನ್ನೋ ಹಳ್ಳಿಯವರು 2022ರಲ್ಲಿ ತೀರ್ಮಾನ ಮಾಡಿದರು. ಸಂಜೆ ಏಳಕ್ಕೆ ಗುಡಿಯ ಮೇಲಿನ ಸೈರನ್ ಕೂಗುತ್ತೆ, ಎಂಟೂವರೆವರೆಗೆ ಊರಲ್ಲಿ ಟಿವಿ, ಫೋನ್ ಬಂದ್. ಎಲ್ಲರ ಮನೆಯಲ್ಲೂ ಬಂದ್ ಆದರೆ ಯಾವ ಮಗುವೂ ಒಂಟಿ ಅಲ್ಲ.

ಅಕ್ಕ: ಇದಕ್ಕೆ ನಾನು ಕೈ ಎತ್ತಿ ಒಪ್ತೀನಿ. ಒಬ್ಬನಿಂದ ಕಿತ್ತುಕೊಂಡರೆ ಶಿಕ್ಷೆ, ಎಲ್ಲರೂ ಎತ್ತಿಟ್ಟರೆ ಪದ್ಧತಿ. ಆದರೆ ಸಭೆಯಲ್ಲಿ ಒಂದು ಮಾತು ಮಾತ್ರ ಆಡಬೇಡ. 'ಏನಾದರೂ ತರಲೆ ಮಾಡಿದರೆ ಫೋನ್ ಕಿತ್ಕೊಳ್ಳಿ' ಅಂತ.

ತಮ್ಮ: ಅದನ್ನೇ ಹೇಳೋಣ ಅಂತಿದ್ದೆ. ಯಾಕೆ?

ಅಕ್ಕ: ಹುಡುಗಿಯರ ಕಥೆ ನಿನಗೆ ಗೊತ್ತಿಲ್ಲದ್ದಲ್ಲ. ಯಾರೋ ಫೋಟೋ ತೆಗೆದು ತಿರುಚಿ ಗ್ರೂಪಿಗೆ ಹಾಕ್ತೀನಿ ಅಂತ ಹೆದರಿಸ್ತಾನೆ. ಅವಳು ಊಟ ಬಿಡ್ತಾಳೆ, ನಿದ್ದೆ ಬಿಡ್ತಾಳೆ, ಮನೆಯಲ್ಲಿ ಮಾತ್ರ ಬಾಯಿ ಬಿಡಲ್ಲ. ಹೇಳಿದರೆ ಮೊದಲು ಹೋಗೋದು ಅವಳ ಫೋನು, ಆಮೇಲೆ ಅವಳ ಶಾಲೆ, ಅದಾದ ಮೇಲೆ ಗಂಡು ನೋಡೋಕೆ ಶುರು. ಹೆದರಿಸಿದವನಿಗೆ ಅವಳ ಈ ಲೆಕ್ಕಾಚಾರ ಚೆನ್ನಾಗಿ ಗೊತ್ತಿರುತ್ತೆ. 'ಏನೇ ಆದರೂ ನನ್ನ ಹತ್ತಿರ ಹೇಳು, ಹೇಳಿದ್ದಕ್ಕೆ ಫೋನ್ ಕಿತ್ಕೊಳ್ಳಲ್ಲ, ಶಾಲೆ ಬಿಡಿಸಲ್ಲ' ಅಂತ ಅಪ್ಪ ಅಮ್ಮ ಮೊದಲೇ ಹೇಳಿಟ್ಟಿರಬೇಕು. ಮಕ್ಕಳ ಸಹಾಯವಾಣಿ 1098 ಅಂತ ಬೋರ್ಡ್ ಮೇಲೆ ಬರಿ. ನಿನ್ನ ಗಂಟೆ ಲೆಕ್ಕದ ಜಾಗದಲ್ಲಿ ಬರಿ.

ತಮ್ಮ: ಬರೀತೀನಿ. ಇನ್ನು, ಡಾಕ್ಟರ ಹತ್ತಿರ ಯಾವಾಗ ಹೋಗಬೇಕು ಅಂತ ಕೇಳ್ತಾರೆ.

ಅಕ್ಕ: ಶಾಲೆಯ ದಿನ ಮಾತ್ರ ಬರೋ ಹೊಟ್ಟೆನೋವು, ತಲೆನೋವು. ವಾರಗಟ್ಟಲೆ ನಿದ್ದೆ ಇಲ್ಲ. ಗೆಳೆಯರನ್ನ, ಇಷ್ಟದ ಆಟವನ್ನ ಬಿಟ್ಟುಬಿಟ್ಟಿದ್ದು. ಪದೇ ಪದೇ 'ಏನೂ ಆಗಲ್ಲ ಅಲ್ವಾ' ಅಂತ ಕೇಳೋದು. ಇವು ಕಂಡರೆ ಮಕ್ಕಳ ಡಾಕ್ಟರಿಗೆ ತೋರಿಸಲಿ. ಸಾಯೋ ಮಾತು ಆಡಿದರೆ, ಮೈ ಗಾಯ ಮಾಡಿಕೊಂಡರೆ, ಅವತ್ತೇ ಕರ್ಕೊಂಡು ಬರಬೇಕು, ಮಗುವನ್ನ ಒಂಟಿಯಾಗಿ ಬಿಡಬಾರದು. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ, ಕಾಸಿಲ್ಲ. ತೀರಾ ಗೀಳಾಗಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 'ಶಟ್' ಅನ್ನೋ ಕ್ಲಿನಿಕ್ 2014ರಿಂದ ಇದಕ್ಕಂತಲೇ ಇದೆ. ಹುಚ್ಚಾಸ್ಪತ್ರೆ ಅಂತ ಯಾರಾದರೂ ಮೂಗು ಮುರಿದರೆ, ಹೊಟ್ಟೆನೋವಿಗೆ ಆಸ್ಪತ್ರೆಗೆ ಹೋದ ಹಾಗೇ ಇದೂ ಅಂತ ನೀನು ಗಟ್ಟಿಯಾಗಿ ಹೇಳಬೇಕು.

ತಮ್ಮ: ಸರಿ. ಫೋನು ರಾತ್ರಿ ಅಡುಗೆಮನೆಯಲ್ಲಿ. ಸಂಜೆ ಒಂದು ಹೊತ್ತು ಬೀದಿಯವರೆಲ್ಲ ಸೇರಿ ಬಂದ್. ಅತ್ತರೆ ಫೋನ್ ಬೇಡ, ಮಡಿಲು. ಅಂಗಡಿಗೆ, ಬಸ್ಸಿಗೆ, ನೆಂಟರ ಮನೆಗೆ ಮಕ್ಕಳನ್ನ ಕಳಿಸಿ, ಮಾತಾಡಿಸಿ. ಕಿತ್ಕೊಳ್ಳೋ ಮುಂಚೆ ಏನಕ್ಕೆ ಹೆದರಿದ್ದೀಯ ಅಂತ ಕೇಳಿ. ಇಷ್ಟು ಸಾಕಾ?

ಅಕ್ಕ: ಪೋಷಕರಿಗೆ ಸಾಕು. ಇನ್ನು ನಿಮಗೆ. ನಿಮ್ಮ ಶಾಲೆಯ ವಾಟ್ಸಾಪ್ ಗ್ರೂಪಿನಲ್ಲಿ ಹೋಮ್‌ವರ್ಕ್ ಎಷ್ಟು ಹೊತ್ತಿಗೆ ಹಾಕ್ತೀರಿ?

ತಮ್ಮ: ಎಂಟೂವರೆ, ಒಂಬತ್ತು. ನಾವು ಬಿಸಿಯೂಟದ ಲೆಕ್ಕ, ಹಾಜರಾತಿ, ಇಲಾಖೆಯ ಸ್ಯಾಟ್ಸ್ ತಂತ್ರಾಂಶದ ನಮೂದು ಎಲ್ಲ ಮುಗಿಸಿ ಮನೆ ಸೇರೋದೇ ಏಳಕ್ಕೆ. ಗ್ರೂಪಿಗೆ ಹಾಕಿದರೆ ನಮಗೂ ದಾಖಲೆ, ಹಾಜರಾಗದ ಮಕ್ಕಳಿಗೂ ಸಿಗುತ್ತೆ. ಪೋಷಕರೇ ಕೇಳಿ ಹಾಕಿಸ್ಕೊಳ್ತಾರೆ.

ಅಕ್ಕ: ಇರಬಹುದು. ಒಂಬತ್ತಕ್ಕೆ ಹೋಮ್‌ವರ್ಕ್ ನೋಡೋಕೆ ಅಂತ ಫೋನ್ ಇಸ್ಕೊಂಡ ಹುಡುಗ ಒಂಬತ್ತೂ ಐದಕ್ಕೆ ವಾಪಸ್ ಕೊಡ್ತಾನಾ? ರಾತ್ರಿ ಫೋನ್ ಎತ್ತಿಡಿ ಅಂತ ಹೇಳೋ ಶಾಲೆಯೇ ರಾತ್ರಿ ಫೋನ್ ತೆಗೆಯೋ ಕೆಲಸ ಕೊಟ್ಟರೆ ಪೋಷಕರು ಯಾರ ಮಾತು ಕೇಳಬೇಕು?

ತಮ್ಮ: ಕೊನೇ ಬೆಲ್ಲಿಗೆ ಮುಂಚೆ ಬೋರ್ಡ್ ಮೇಲೆ ಬರೆದು ಡೈರಿಯಲ್ಲಿ ಇಳಿಸ್ಕೊಳ್ಳೋಕೆ ಹೇಳಬಹುದು. ನಾನು ಮಾಡ್ತೀನಿ. ಉಳಿದ ಮೇಷ್ಟ್ರುಗಳು ಒಪ್ಪಬೇಕಲ್ಲ. ಗಣಿತದವರು ರಾತ್ರಿ ಹತ್ತಕ್ಕೆ ಲೆಕ್ಕ ಕಳಿಸ್ತಾರೆ.

ಅಕ್ಕ: ಹಾಗಾದರೆ ಶನಿವಾರಕ್ಕೆ ಮುಂಚೆ, ಶುಕ್ರವಾರವೇ ಸ್ಟಾಫ್ ರೂಮಿನಲ್ಲಿ ಮೇಷ್ಟ್ರುಗಳ ಸಭೆ ಮಾಡಿಬಿಡು. ಅದು ಆಗದಿದ್ದರೆ ಪೋಷಕರ ಸಭೆಯಲ್ಲಿ ಹಲ್ಲೆಗೆರೆ ಹೆಸರು ಹೇಳಿದರೂ ಕೆಲಸಕ್ಕೆ ಬರಲ್ಲ.